ಸದ್ದು ಹೆಚ್ಚಿತು, ಮಾತು ಕೇಳಿಸಿತೇ?

ಧರ್ಮಕೇಂದ್ರದ ವಾರ್ಷಿಕ ಹಬ್ಬವಿರಲಿ, ಮದುವೆಯ ಆರತಕ್ಷತೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ವೇದಿಕೆಯ ಎರಡೂ ಬದಿಗಳಲ್ಲಿ ಒಂದರ ಕೆಳಗೊಂದಾಗಿ ತೂಗುವ ಕಪ್ಪು ಪೆಟ್ಟಿಗೆಗಳ ಸಾಲು ಈಗ ಸಾಮಾನ್ಯ ದೃಶ್ಯವಾಗಿದೆ. ಮೇಲೆ ನೇರವಾಗಿ, ಕೆಳಗೆ ತುಸು ಬಾಗಿ ನಿಲ್ಲುವ ಈ ಧ್ವನಿವರ್ಧಕಗಳಿಗೆ ‘ಲೈನ್ ಅರೇ’ ಎಂದು ಹೆಸರು. ಒಂದು ಕಾಲದಲ್ಲಿ ಸಾವಿರಾರು ಜನ ಸೇರುವ ಬಯಲುಗಳಿಗಷ್ಟೇ ಮೀಸಲಾಗಿದ್ದ ಈ ಸಾಧನ ಇಂದು ಚಿಕ್ಕ ಗಾತ್ರದಲ್ಲಿಯೂ ದೊರೆಯುತ್ತಿದೆ. ಇನ್ನೂರು ಜನರ ಸಭಾಂಗಣಕ್ಕೂ ಸಾವಿರ ಜನರ ದೇವಾಲಯಕ್ಕೂ ಇದೇ ಸೂಕ್ತವೆಂದು ಮಾರಾಟಗಾರರು ಹೇಳುತ್ತಾರೆ. ಹಳೆಯ ಮೈಕ್ ಸೆಟ್ಟನ್ನು ತೆಗೆದು ಲೈನ್ ಅರೇ ಹಾಕಿಸಬೇಕೆಂಬ ಸಲಹೆ ಪಾಲನಾ ಸಮಿತಿಗಳ ಮುಂದೆ ಬರುವುದೂ ಈಗ ಹೊಸತೇನಲ್ಲ.

ಈ ಖರ್ಚು ವಿಶ್ವಾಸಿಗಳ ಕಾಣಿಕೆಯಿಂದಲೇ ಆಗತಕ್ಕದ್ದು. ಆದುದರಿಂದ ಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಎಲ್ಲರ ಹೊಣೆಯಾಗಿದೆ. ಕೊನೆಯ ಬೆಂಚಿನಲ್ಲಿ ಕುಳಿತ ಅಜ್ಜಿಗೆ ಅಂದಿನ ವಾಚನದ ಮಾತುಗಳು ಇದರಿಂದ ಅರ್ಥವಾಗುವುವೇ? ಅಥವಾ ಸದ್ದು ಮಾತ್ರ ಹೆಚ್ಚುವುದೇ?

ಸದ್ದು ಬೇರೆ, ಸ್ಪಷ್ಟತೆ ಬೇರೆ

ಮಾತು ಕೇಳಿಸುವುದಿಲ್ಲ ಎಂಬ ದೂರು ಬಂದೊಡನೆ ನಾವು ಸದ್ದನ್ನು ಏರಿಸುತ್ತೇವೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಕೊರತೆಯಿರುವುದು ಸದ್ದಿನದಲ್ಲ, ಸ್ಪಷ್ಟತೆಯದು. ನಮ್ಮ ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು, ವ್ಯಂಜನಗಳಿಗೆ ಕಡಿಮೆ. ಅರ್ಥವನ್ನು ಬೇರ್ಪಡಿಸುವುದಾದರೋ ಬಹುಮಟ್ಟಿಗೆ ವ್ಯಂಜನಗಳೇ. ‘ತಂದೆ’, ‘ಮಂದೆ’, ‘ಬಂದೆ’ ಈ ಮೂರು ಪದಗಳನ್ನೇ ನೋಡಿರಿ. ಮೊದಲ ವ್ಯಂಜನ ಮಸುಕಾದರೆ ಮೂರೂ ಒಂದೇ. ಗೋಡೆ, ನೆಲ, ಛಾವಣಿಗಳಿಗೆ ಬಡಿದು ಮರಳುವ ಹಿಂದಿನ ಸ್ವರದ ಗುಂಗು ಮುಂದಿನ ವ್ಯಂಜನವನ್ನು ಮುಚ್ಚಿಬಿಡುತ್ತದೆ. ಈ ಗುಂಗಿಗೆ ಅನುರಣನವೆಂದು ಹೆಸರು. ಸದ್ದನ್ನು ಏರಿಸಿದರೆ ಅನುರಣನವೂ ಅಷ್ಟೇ ಏರುತ್ತದೆಯಾದ್ದರಿಂದ ಕೇಳುಗನಿಗೆ ದೊರೆಯುವ ಲಾಭ ಸೊನ್ನೆ.

ಈ ವಿಷಯವನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೇಬಿನ್. ಅಲ್ಲಿಯ ಫಾಗ್ ಉಪನ್ಯಾಸ ಮಂದಿರದಲ್ಲಿ ಮಾತು ಅರ್ಥವಾಗುವುದಿಲ್ಲವೆಂಬ ದೂರನ್ನು ಪರಿಹರಿಸುವ ಕೆಲಸ 1895ರಲ್ಲಿ ಅವರ ಪಾಲಿಗೆ ಬಂದಿತು. ಒಂದು ಪದವನ್ನು ನುಡಿದರೆ ಆ ಮಂದಿರದಲ್ಲಿ ಅದರ ಗುಂಗು ಸುಮಾರು ಐದೂವರೆ ಸೆಕೆಂಡುಗಳವರೆಗೆ ಉಳಿಯುತ್ತಿತ್ತು. ಆಸನದ ಮೆತ್ತೆಗಳನ್ನು ಹೊತ್ತು ತಂದು ಹರಡಿ ಅವರು ಅಳತೆ ಮಾಡಿದರು. ಕೋಣೆಯ ಗಾತ್ರ ಹೆಚ್ಚಿದಂತೆ ಗುಂಗು ಹೆಚ್ಚುತ್ತದೆ, ಧ್ವನಿಯನ್ನು ಹೀರುವ ವಸ್ತುಗಳು ಹೆಚ್ಚಿದಂತೆ ಅದು ಇಳಿಯುತ್ತದೆ ಎಂಬ ಅವರ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಧ್ವನಿ ಹೀರುವಿಕೆಯ ಅಳತೆಗೋಲಾಗಿ ಅವರು ಆರಿಸಿಕೊಂಡದ್ದು ತೆರೆದ ಕಿಟಕಿಯನ್ನು. ಅದರಿಂದ ಹೊರಗೆ ಹೋದ ಧ್ವನಿ ಮರಳುವುದಿಲ್ಲವಲ್ಲ!

ಸಾಲಿನ ಗುಟ್ಟು

ಲೈನ್ ಅರೇಯ ಮೂಲ ತತ್ವ ಸರಳವಾದುದು. ಬಯಲಿನಲ್ಲಿ ಒಂದೇ ಪೆಟ್ಟಿಗೆಯಿಟ್ಟರೆ ಅದರ ಧ್ವನಿ ಎಲ್ಲ ದಿಕ್ಕಿಗೂ ಹರಡಿ, ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್‌ನಂತೆ ಇಳಿಯುತ್ತದೆ. 4 ಮೀಟರಿನಲ್ಲಿ 90 ಡೆಸಿಬೆಲ್ ಇದ್ದರೆ 8 ಮೀಟರಿನಲ್ಲಿ 84, 16 ಮೀಟರಿನಲ್ಲಿ 78, 32 ಮೀಟರಿನಲ್ಲಿ 72. ಅನೇಕ ಧ್ವನಿಮೂಲಗಳನ್ನು ಒತ್ತಾಗಿ ಒಂದೇ ಉದ್ದನೆಯ ಸಾಲಿನಲ್ಲಿ ಜೋಡಿಸಿದರೆ ಧ್ವನಿ ಮೇಲಕ್ಕೂ ಕೆಳಕ್ಕೂ ಚೆಲ್ಲದೆ ಮುಂದಕ್ಕೆ ಸಾಗುತ್ತದೆ. ಆಗ ಇಳಿಕೆ 3 ಡೆಸಿಬೆಲ್‌ನಂತೆ. ಅದೇ 90 ಡೆಸಿಬೆಲ್ 32 ಮೀಟರಿನಲ್ಲಿ 81 ಆಗಿ ಉಳಿಯುತ್ತದೆ. ಮುಂದೆ ಕುಳಿತವರ ಕಿವಿಗೆ ಬಡಿಯದೆ ಹಿಂದಿನವರನ್ನು ತಲುಪುವ ಉಪಾಯವಿದು.

ಇದು ತೀರಾ ಹೊಸತೆಂದು ಭಾವಿಸಬೇಕಾಗಿಲ್ಲ. ಅಪಾರ ಗುಂಗಿನಿಂದಾಗಿ ಮಾತು ಅರ್ಥವಾಗದಿದ್ದ ಲಂಡನ್ನಿನ ಸಂತ ಪೌಲರ ಆಂಗ್ಲಿಕನ್ ಮಹಾದೇವಾಲಯದಲ್ಲಿ ಉದ್ದನೆಯ ಕಾಲಂ ಧ್ವನಿವರ್ಧಕಗಳನ್ನು ಅಳವಡಿಸಿ, ಹಿಂದಿನವುಗಳ ಧ್ವನಿಯನ್ನು ಕ್ಷಣಮಾತ್ರ ತಡೆದು ಬಿಡುವ ಏರ್ಪಾಟನ್ನು ಮಾಡಿದ ವಿವರ 1952ರಲ್ಲಿಯೇ ಪ್ರಕಟವಾಗಿತ್ತು. ನಮ್ಮ ಹಳೆಯ ದೇವಾಲಯಗಳ ಕಂಬಗಳಲ್ಲಿ ಇಂದಿಗೂ ಕಾಣಸಿಗುವ ಉದ್ದನೆಯ, ಕಿರಿದಾದ ಪೆಟ್ಟಿಗೆಗಳು ಇದೇ ಮನೆತನದವು. ಆ ಹಳೆಯ ತತ್ವವನ್ನು ಸಂಗೀತಕ್ಕೆ ಬೇಕಾದ ಬಲಕ್ಕೂ ವಿಸ್ತಾರಕ್ಕೂ ಬೆಳೆಸಿದವರು ಫ್ರಾನ್ಸಿನ ಭೌತವಿಜ್ಞಾನಿ ಕ್ರಿಶ್ಚಿಯನ್ ಹೈಲ್. 1992ರಲ್ಲಿ ಅವರು ಮತ್ತು ಮಾರ್ಸೆಲ್ ಅರ್ಬನ್ ಮಂಡಿಸಿದ ಪ್ರಬಂಧ ಹಾಗೂ ಎಲ್-ಅಕೂಸ್ಟಿಕ್ಸ್ ಸಂಸ್ಥೆಯ ‘ವಿ-ಡಾಸ್ಕ್’ ವ್ಯವಸ್ಥೆ ಇಂದಿನ ಲೈನ್ ಅರೇಗಳಿಗೆ ದಾರಿ ತೋರಿದವು. 2003ರಲ್ಲಿ ಬೋಸ್ ಸಂಸ್ಥೆಯ ‘ಎಲ್-1’ ಬಂದ ಮೇಲೆ ಒಬ್ಬನೇ ಹೊತ್ತೊಯ್ದು ನಿಲ್ಲಿಸಬಲ್ಲ ತೆಳುವಾದ ಕಂಬದ ರೂಪವೂ ಜನಪ್ರಿಯವಾಯಿತು.

ಗಿಡ್ಡ ಸಾಲಿನ ಮಿತಿ

ಇಲ್ಲಿಯೇ ನಾವು ಎಚ್ಚರದಿಂದಿರಬೇಕಾದ ಅಂಶವೊಂದಿದೆ. ಸಾಲು ಸಾಲಿನಂತೆ ವರ್ತಿಸಬೇಕಾದರೆ ಅದು ಧ್ವನಿಯ ಅಲೆಗಿಂತ ಸಾಕಷ್ಟು ಉದ್ದವಾಗಿರಬೇಕು. ಒಂದೂವರೆ ಮೀಟರ್ ಉದ್ದದ ಚಿಕ್ಕ ಸಾಲನ್ನು ತೆಗೆದುಕೊಳ್ಳೋಣ. 8000 ಹರ್ಟ್ಸ್‌ನ ಕೀರಲು ಧ್ವನಿಗೆ ಅದರ ಗುಣ ಸುಮಾರು 26 ಮೀಟರಿನವರೆಗೂ ಉಳಿಯುತ್ತದೆ. 1000 ಹರ್ಟ್ಸ್‌ಗೆ ಸುಮಾರು 3 ಮೀಟರ್ ಮಾತ್ರ. 200 ಹರ್ಟ್ಸ್‌ನ ತಗ್ಗು ಧ್ವನಿಗೆ ಅಂತಹ ಗುಣವೇ ಇಲ್ಲ. ಅದು ಸಾಮಾನ್ಯ ಪೆಟ್ಟಿಗೆಯಂತೆಯೇ ಎಲ್ಲೆಡೆ ಚೆಲ್ಲುತ್ತದೆ. ಹೀಗಾಗಿ ಮುಂದಿನ ಸಾಲಿನಲ್ಲಿ ತುಂಬಿಬಂದ ಕಂಠ ಹಿಂದಿನ ಸಾಲಿನಲ್ಲಿ ತೆಳುವಾಗಿ, ಕೀರಲಾಗಿ ಕೇಳಿಸಬಹುದು. ಯಂತ್ರದ ಹೊಂದಾಣಿಕೆಯಿಂದ ಇದನ್ನು ಸ್ವಲ್ಪಮಟ್ಟಿಗೆ ತಿದ್ದಬಹುದೇ ಹೊರತು ಭೌತಶಾಸ್ತ್ರದ ನಿಯಮವನ್ನು ಬದಲಿಸಲಾಗದು. ಬದಿಗೆ ನಾಲ್ಕು ಪುಟ್ಟ ಪೆಟ್ಟಿಗೆಗಳನ್ನು ತೂಗುಹಾಕಿ ಅದನ್ನು ಲೈನ್ ಅರೇ ಎಂದು ಕರೆದರೆ ಹೆಸರು ಬಂದೀತು, ಗುಣ ಬಾರದು.

ಎರಡನೆಯ ಮಿತಿ, ಈ ಸಾಲು ಧ್ವನಿಯನ್ನು ಕಿರಿದುಮಾಡುವುದು ಮೇಲೆ-ಕೆಳಗಿನ ದಿಕ್ಕಿನಲ್ಲಿ ಮಾತ್ರ. ಎಡಬಲಕ್ಕೆ ಅದು ವಿಶಾಲವಾಗಿಯೇ ಹರಡುತ್ತದೆ. ಉದ್ದವಾಗಿ ಕಿರಿದಾಗಿರುವ ದೇವಾಲಯದಲ್ಲಿ ಆ ಧ್ವನಿ ಪಕ್ಕದ ಗೋಡೆಗಳಿಗೆ ಬಡಿಯುವುದು ತಪ್ಪುವುದಿಲ್ಲ.

ಹಾಗಾದರೆ ಇದು ನಿರುಪಯುಕ್ತವೇ? ಖಂಡಿತ ಅಲ್ಲ. ಪ್ರತಿ ಜನವರಿಯಲ್ಲಿ ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಬಸಿಲಿಕದ ಹಬ್ಬಕ್ಕೆ, ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದ ಉತ್ಸವಕ್ಕೆ ಸೇರುವಂತಹ ಜನಸ್ತೋಮದ ಮುಂದೆ ಉದ್ದನೆಯ ಸಾಲಿಗೆ ಸಾಟಿಯಿಲ್ಲ. ಮೈಸೂರಿನ ಸಂತ ಫಿಲೋಮಿನಾ ದೇವಾಲಯದಂತಹ ಎತ್ತರದ ಕಮಾನುಗಳ ಕಟ್ಟಡಗಳಲ್ಲಿಯೂ ಛಾವಣಿಗೆ ಧ್ವನಿ ಚೆಲ್ಲದಂತೆ ತಡೆಯುವ ಉದ್ದನೆಯ ತೆಳು ಕಾಲಂಗಳು ಅತ್ಯಂತ ಉಪಯುಕ್ತ. ಆದರೆ ಹದಿನೈದು ಮೀಟರ್ ಉದ್ದದ, ತಗ್ಗು ಛಾವಣಿಯ ಸಭಾಂಗಣದ ಮಾತೇ ಬೇರೆ. ಅಲ್ಲಿ ಎರಡು ಒಳ್ಳೆಯ ಸಾಮಾನ್ಯ ಪೆಟ್ಟಿಗೆಗಳನ್ನು ಎತ್ತರದಲ್ಲಿಟ್ಟು ಹಿಂದಿನ ಸಾಲುಗಳತ್ತ ಮುಖ ಮಾಡಿಸಿದರೆ ಕೆಲಸ ಮುಗಿಯಿತು. ಇನ್ನೂ ಉದ್ದವಾದ, ಕಂಬಗಳುಳ್ಳ ದೇವಾಲಯಕ್ಕೆ ಅಲ್ಲಲ್ಲಿ ಕಡಿಮೆ ಸದ್ದಿನ ಕಾಲಂಗಳನ್ನಿಟ್ಟು ಹಿಂದಿನವುಗಳಿಗೆ ಸೂಕ್ತ ವಿಳಂಬ ಕೊಡುವುದು ಮೇಲು. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರವಾದ್ದರಿಂದ, ಮುಂದಿನ ಹಾಗೂ ಹತ್ತಿರದ ಪೆಟ್ಟಿಗೆಗಳ ನಡುವೆ 17 ಮೀಟರ್ ಅಂತರವಿದ್ದರೆ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದಷ್ಟು ವ್ಯತ್ಯಾಸವಾಗಿ ಒಂದೇ ಪದ ಎರಡು ಬಾರಿ ಕೇಳಿಸಿದಂತಾಗುತ್ತದೆ.

ಕಟ್ಟಡವೂ ಒಂದು ವಾದ್ಯ

ದುಬಾರಿ ಪೆಟ್ಟಿಗೆಗಳಿಂದ ನಾವು ಮುಚ್ಚಲು ಹೊರಟಿರುವ ದೋಷಗಳಲ್ಲಿ ಹಲವನ್ನು ನಾವೇ ಕಟ್ಟಿಕೊಂಡದ್ದಾಗಿದೆ. ಕರಾವಳಿಯ ಹಳೆಯ ದೇವಾಲಯಗಳಲ್ಲಿ ಹೆಂಚಿನ ಮಾಡು, ಮರದ ಮುಚ್ಚಿಗೆ, ಗಾಳಿಯಾಡುವ ದೊಡ್ಡ ಕಿಟಕಿಗಳಿದ್ದವು. ಜೀರ್ಣೋದ್ಧಾರದ ಹೆಸರಿನಲ್ಲಿ ಅವುಗಳ ಸ್ಥಾನಕ್ಕೆ ಕಾಂಕ್ರೀಟ್ ಛಾವಣಿ, ನುಣುಪಾದ ಟೈಲ್ಸ್, ಗಾಜು ಬಂದಿವೆ. ಹವಾನಿಯಂತ್ರಣಕ್ಕಾಗಿ ಕಿಟಕಿಗಳು ಮುಚ್ಚಿವೆ. ನೋಟಕ್ಕೆ ಸೊಗಸು ಬಂದಿತು. ಧ್ವನಿಯನ್ನು ಹೀರುವುದೆಲ್ಲ ಹೋಯಿತು. ಛಾವಣಿಯಲ್ಲೂ ಹಿಂಭಾಗದ ಗೋಡೆಯಲ್ಲೂ ಧ್ವನಿ ಹೀರುವ ಹಲಗೆಗಳನ್ನು ಹೊದಿಸಲು, ದಪ್ಪ ಪರದೆ ತೂಗಿಸಲು ಮಾಡುವ ಖರ್ಚು ಅನೇಕ ಸಲ ಹೊಸ ಧ್ವನಿವರ್ಧಕಕ್ಕಿಂತ ಹೆಚ್ಚು ಫಲ ನೀಡುತ್ತದೆ. ಗಾಯನಕ್ಕೆ ತುಸು ಗುಂಗು ಬೇಕೆಂಬುದು ನಿಜ. ಆದರೆ ಮಾತಿಗೆ ಒಂದು ಸೆಕೆಂಡಿನ ಆಸುಪಾಸಿನ ಗುಂಗೇ ಹಿತ. ಇವೆರಡರ ನಡುವಣ ಸಮತೋಲವನ್ನು ಕಟ್ಟಡದ ನಕ್ಷೆಯ ಹಂತದಲ್ಲಿಯೇ ಯೋಚಿಸುವುದು ಜಾಣತನ.

ನೆರೆಮನೆಯವರ ಹಕ್ಕು

ಧ್ವನಿವರ್ಧಕದ ಪ್ರಶ್ನೆ ನಮ್ಮ ಆವರಣದ ಗೋಡೆಯೊಳಗೆ ಮುಗಿಯುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್. ಅದೇ ವರ್ಷ ಆಗಸ್ಟ್ 30ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಪ್ರಕರಣ ಚೆನ್ನೈನ ಒಂದು ಕ್ರೈಸ್ತ ಪ್ರಾರ್ಥನಾ ಸಭೆಯದೇ ಆಗಿತ್ತೆಂಬುದನ್ನು ನಾವು ಮರೆಯಬಾರದು. ಇತರರ ಶಾಂತಿಯನ್ನು ಕದಡಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂಬುದು ಆ ತೀರ್ಪಿನ ತಿರುಳು. 2005ರ ಜುಲೈ ತಿಂಗಳ ಮತ್ತೊಂದು ತೀರ್ಪಿನಂತೆ, ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಮೀರಬಾರದು ಅಥವಾ 75 ಡೆಸಿಬೆಲ್ ದಾಟಬಾರದು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಮುಚ್ಚಿದ ಸಭಾಂಗಣಗಳನ್ನು ಬಿಟ್ಟರೆ ಸಾಮಾನ್ಯವಾಗಿ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. 2022ರ ಮೇ ತಿಂಗಳಲ್ಲಿ ಕರ್ನಾಟಕ ಸರಕಾರವೂ ಈ ನಿಯಮಗಳ ಪಾಲನೆಗೆ ಆದೇಶ ಹೊರಡಿಸಿತು. ಇವು ಎಲ್ಲ ಮತದವರಿಗೂ ಸಮಾನ. ಪರರ ಸದ್ದಿನ ಬಗ್ಗೆ ದೂರುವ ಮೊದಲು ನಮ್ಮ ಹಬ್ಬದ ಸದ್ದನ್ನು ನಾವೇ ಅಳೆದುಕೊಳ್ಳುವುದು ನ್ಯಾಯ.

ಸಾಲು ಧ್ವನಿವರ್ಧಕ ಧ್ವನಿಯನ್ನು ದೂರ ಒಯ್ಯುತ್ತದೆ ಎಂಬ ಗುಣವೇ, ಜನರ ತಲೆಯ ಮೇಲಿಂದ ಎದುರಿನ ಬೀದಿಗೆ ಗುರಿಯಿಟ್ಟಾಗ ದೋಷವಾಗುತ್ತದೆ. ಜೊತೆಗಿಡುವ ದೊಡ್ಡ ಬೇಸ್ ಪೆಟ್ಟಿಗೆಗಳ ತಗ್ಗು ಧ್ವನಿಯಂತೂ ಯಾವ ದಿಕ್ಕನ್ನೂ ಲೆಕ್ಕಿಸದೆ ಗೋಡೆ ದಾಟುತ್ತದೆ. ಒಳಗಿರುವವರ ಕಿವಿಗಳಿಗೂ ಮಿತಿಯುಂಟು. ಮನರಂಜನಾ ಸ್ಥಳಗಳಲ್ಲಿ 15 ನಿಮಿಷಗಳ ಸರಾಸರಿ 100 ಡೆಸಿಬೆಲ್ ಮೀರದಿರಲೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸೂಚಿಸಿದೆ. ಮದುವೆ ಸಭಾಂಗಣಗಳನ್ನು ಬಾಡಿಗೆಗೆ ಕೊಡುವ ಧರ್ಮಕೇಂದ್ರಗಳು ಇದನ್ನು ಕರಾರಿನಲ್ಲಿಯೇ ಸೇರಿಸಬಹುದು.

ಕೊಳ್ಳುವ ಮುನ್ನ

ಪಾಲನಾ ಸಮಿತಿಯವರು ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಮಾರಾಟಗಾರರು ಸಿನಿಮಾ ಹಾಡು ಹಾಕಿ ತೋರಿಸುವುದನ್ನು ನಂಬಿ ತೀರ್ಮಾನಿಸದೆ, ಒಂದು ಭಾನುವಾರದ ಮಟ್ಟಿಗೆ ಸಾಧನವನ್ನು ಅಲ್ಲಿಯೇ ಅಳವಡಿಸಿ ತೋರಿಸುವಂತೆ ಕೇಳಿರಿ. ವಾಚನಪೀಠದಿಂದ ಒಬ್ಬರು ಪರಸ್ಪರ ಸಂಬಂಧವಿಲ್ಲದ ಐವತ್ತು ಪದಗಳನ್ನು ಓದಲಿ. ಮುಂದೆ, ಹಿಂದೆ, ಕಂಬದ ಮರೆಯಲ್ಲಿ ಕುಳಿತ ಹಿರಿಯರೂ ಕಿರಿಯರೂ ಅವನ್ನು ಬರೆದುಕೊಳ್ಳಲಿ. ಹಳೆಯ ಸಾಧನದಲ್ಲಿ ಎಷ್ಟು ಪದ ಸರಿ, ಹೊಸತರಲ್ಲಿ ಎಷ್ಟು ಎಂದು ಎಣಿಸಿದರೆ ಉತ್ತರ ತಾನಾಗಿಯೇ ಹೊರಬರುತ್ತದೆ. ಜನ ತುಂಬಿದಾಗ ಅವರ ಉಡುಪೂ ದೇಹವೂ ಧ್ವನಿಯನ್ನು ಹೀರುವುದರಿಂದ ಖಾಲಿ ಕಟ್ಟಡದ ಪರೀಕ್ಷೆಯೊಂದೇ ಸಾಲದು.

ತೂಕದ ವಿಚಾರವನ್ನಂತೂ ಕಡೆಗಣಿಸಲೇಬಾರದು. ಪೆಟ್ಟಿಗೆಯೊಂದಕ್ಕೆ 10ರಿಂದ 25 ಕಿಲೋ ಎಂದರೂ ಆರು ಪೆಟ್ಟಿಗೆಗಳ ಸಾಲು 60ರಿಂದ 150 ಕಿಲೋ ತೂಗುತ್ತದೆ. ಅದು ತೂಗುವುದು ಜನರ ತಲೆಯ ಮೇಲೆ. ಹಳೆಯ ಮರದ ತೊಲೆಗಳಿಗೆ ಅದನ್ನು ಕಟ್ಟುವ ಮುನ್ನ ಎಂಜಿನಿಯರೊಬ್ಬರ ಲಿಖಿತ ಒಪ್ಪಿಗೆ ಅಗತ್ಯ.

ಕೊನೆಯದಾಗಿ, ಖರ್ಚಿಲ್ಲದ ಸುಧಾರಣೆಗಳೂ ಇವೆ. ಬಳಸದ ಮೈಕುಗಳನ್ನು ಆರಿಸಿಡುವುದು, ಮೈಕಿನಿಂದ ಒಂದು ಗೇಣು ದೂರದಲ್ಲಿ ನಿಂತು ನಿಧಾನವಾಗಿ ಓದುವುದು, ವಾಚಕರಿಗೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡುವುದು. ಅವಸರದಲ್ಲಿ ಓದಿದ ವಾಚನವನ್ನು ಯಾವ ಯಂತ್ರವೂ ಸ್ಪಷ್ಟಗೊಳಿಸಲಾರದು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನಾ ವಿಧಿಯಲ್ಲಿ ಜನರ ಪೂರ್ಣ ಪಾಲ್ಗೊಳ್ಳುವಿಕೆಗೆ ಕರೆಯಿತ್ತು, ನಾಡನುಡಿಗಳಿಗೆ ಬಾಗಿಲು ತೆರೆಯಿತು. ಆಧುನಿಕ ಸಾಧನಗಳ ನೆರವಿನಿಂದ ಜನರು ಪ್ರಯಾಸವಿಲ್ಲದೆ ಕೇಳುವಂತಿರಬೇಕೆಂದು ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 311ನೆಯ ಪರಿಚ್ಛೇದವೂ ತಿಳಿಸುತ್ತದೆ. ನಮ್ಮದೇ ಕನ್ನಡ, ಕೊಂಕಣಿಗಳಲ್ಲಿ ನುಡಿದ ಮಾತು ಗುಂಗಿನಲ್ಲಿ ಕರಗಿ ಅರ್ಥವಾಗದೆ ಹೋದರೆ, ಆ ತೆರೆದ ಬಾಗಿಲಿನಿಂದ ನಮಗಾದ ಪ್ರಯೋಜನವೇನು? ನೆಹೆಮೀಯನ ಗ್ರಂಥದಲ್ಲಿ ಎಜ್ರನು ಮರದ ಪೀಠವನ್ನೇರಿ ಧರ್ಮಶಾಸ್ತ್ರವನ್ನು ಓದುತ್ತಾನೆ. ನೆರೆದ ಜನ ಅದನ್ನು ಗ್ರಹಿಸುವಂತೆ ಲೇವಿಯರು ವಿವರಿಸುತ್ತಾರೆ. ಅಲ್ಲಿ ಮುಖ್ಯವಾದುದು ಪೀಠದ ಎತ್ತರವಲ್ಲ, ಜನರ ಗ್ರಹಿಕೆ. ಧ್ವನಿವರ್ಧಕದ ಆಯ್ಕೆಯಲ್ಲಿಯೂ ಅದೇ ನಮ್ಮ ಅಳತೆಗೋಲಾಗಲಿ.