ಆ ಮಕ್ಕಳು ಈಗ ಅಜ್ಜ ಅಜ್ಜಿಯರು

ಯುದ್ಧದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸೇನಾನಿಗಳು, ಮುತ್ಸದ್ದಿಗಳು, ವಿದ್ವಾಂಸರು. ಆದರೆ ಅದರ ನೆನಪನ್ನು ಕಟ್ಟಕಡೆಯವರೆಗೆ ಹೊತ್ತು ನಡೆಯುವವರು ಅಂದು ಮಕ್ಕಳಾಗಿದ್ದವರು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ, 9ರಂದು ನಾಗಾಸಾಕಿಯ ಮೇಲೆ ಅಣುಬಾಂಬು ಬಿದ್ದು ಎಂಬತ್ತು ವರ್ಷಗಳು ಸಂದವು. ಅಂದು ಪ್ರೌಢರಾಗಿದ್ದವರಲ್ಲಿ ಬಹುತೇಕ ಯಾರೂ ಇಂದು ಉಳಿದಿಲ್ಲ. 2025ರ ಮಾರ್ಚ್ ಅಂತ್ಯಕ್ಕೆ ಜಪಾನ್ ಸರ್ಕಾರದ ದಾಖಲೆಯಲ್ಲಿದ್ದ ಸಂತ್ರಸ್ತರ ಸಂಖ್ಯೆ ಮೊತ್ತಮೊದಲ ಬಾರಿಗೆ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಅವರ ಸರಾಸರಿ ವಯಸ್ಸು 86 ವರ್ಷ. ಹೀಗಾಗಿ ಇನ್ನು ಸಾಕ್ಷಿ ನುಡಿಯುವವರೆಲ್ಲ ಅಂದಿನ ಬಾಲಕ ಬಾಲಕಿಯರೇ.

ಹಿರೋಷಿಮಾದ ಮಕ್ಕಳೆಂದೊಡನೆ ಲೋಕಕ್ಕೆ ನೆನಪಾಗುವವಳು ಸದಾಕೊ ಸಸಾಕಿ. ಬಾಂಬು ಬಿದ್ದಾಗ ಅವಳು ಎರಡು ವರ್ಷದ ಕೂಸು. ಹತ್ತು ವರ್ಷಗಳ ತರುವಾಯ, 1955ರ ಅಕ್ಟೋಬರ್ 25ರಂದು, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವಳಿಗೆ ಹನ್ನೆರಡು ವರ್ಷ. ಸಾವಿರ ಕಾಗದದ ಕೊಕ್ಕರೆಗಳನ್ನು ಮಡಿಸಿದರೆ ಹರಕೆ ಫಲಿಸುತ್ತದೆಂಬ ನಂಬಿಕೆಯಿಂದ ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಕೊಕ್ಕರೆಗಳನ್ನು ಮಾಡುತ್ತಿದ್ದಳು. ಶಾಲಾಮಕ್ಕಳು ಹಣ ಕೂಡಿಸಿ 1958ರಲ್ಲಿ ಕಟ್ಟಿಸಿದ ಸ್ಮಾರಕ ಹಿರೋಷಿಮಾದ ಶಾಂತಿ ಉದ್ಯಾನದಲ್ಲಿ ಇಂದಿಗೂ ನಿಂತಿದೆ.

1977ರಲ್ಲಿ ಎಲೆನಾರ್ ಕೋಯರ್ ಎಂಬ ಲೇಖಕಿ ಬರೆದ ಮಕ್ಕಳ ಪುಸ್ತಕದಲ್ಲಿ ಸದಾಕೊ 644 ಕೊಕ್ಕರೆಗಳನ್ನು ಮಡಿಸುವಷ್ಟರಲ್ಲಿ ಸಾಯುತ್ತಾಳೆ. ಉಳಿದವನ್ನು ಗೆಳತಿಯರು ಪೂರೈಸುತ್ತಾರೆ. ಆಕೆಯ ಅಣ್ಣ ಹೇಳುವುದೇ ಬೇರೆ: ತಂಗಿ ಸಾವಿರವನ್ನು ಮುಗಿಸಿದಳು, ಮುಗಿಸಿಯೂ ಮಡಿಸುತ್ತಲೇ ಇದ್ದಳು. ಈ ಎರಡರ ನಡುವಣ ಅಂತರ ಅಲ್ಪವೆಂದು ನನಗೆ ತೋರುವುದಿಲ್ಲ. ಅಪೂರ್ಣವಾಗಿ ಉಳಿದ ಹರಕೆಯನ್ನು ಲೋಕವು ಕಣ್ಣೀರಿನಿಂದ ಪೂರ್ಣಗೊಳಿಸಬಹುದು. ಹರಕೆ ಪೂರ್ತಿಯಾದ ಮೇಲೂ ಸಾಯುವ ಹುಡುಗಿಯ ಮುಂದೆ ಸಮಾಧಾನದ ಮಾತಿಗೆ ಎಡೆಯೇ ಇಲ್ಲ. ಜಗತ್ತು ಮೊದಲನೆಯದನ್ನೇ ಆರಿಸಿಕೊಂಡಿತು.

ಸತ್ತ ಮಗು ಎದುರಾಡುವುದಿಲ್ಲ. ಬದುಕುಳಿದ ಮಕ್ಕಳ ಪಾಡು ಬೇರೆಯಾಗಿತ್ತು. ಅಮೆರಿಕದ ಆಡಳಿತದ ಆರಂಭದ ವರ್ಷಗಳಲ್ಲಿ ಬಾಂಬಿನ ಕುರಿತ ಬರವಣಿಗೆಗೆ ಕಟ್ಟುಪಾಡುಗಳಿದ್ದವು. 1951ರಲ್ಲಿ ಶಿಕ್ಷಣತಜ್ಞ ಅರಾಟ ಒಸಾಡ ಅವರು ಮಕ್ಕಳ ಕೈಯಿಂದಲೇ ಬರೆಸಿದ ಲೇಖನಗಳಿಂದ ನೂರೈದನ್ನು ಆಯ್ದು ‘ಅಣುಬಾಂಬಿನ ಮಕ್ಕಳು’ ಎಂಬರ್ಥದ ಹೆಸರಿನಲ್ಲಿ ಪ್ರಕಟಿಸಿದರು. ಅವರೂ ಆ ದಿನ ಗಾಯಗೊಂಡವರೇ. ಆದರೆ ಪುಸ್ತಕದಲ್ಲಿ ಮಾತನಾಡಿದ ಮಕ್ಕಳ ಓರಗೆಯವರಲ್ಲಿ ಎಷ್ಟೋ ಮಂದಿ ಬೆಳೆದಂತೆಲ್ಲ ಮೌನಿಗಳಾದರು. ನಮ್ಮಲ್ಲಿ ಹೆಣ್ಣು ನೋಡಲು ಹೋದವರು ಮನೆತನದ ಕಾಯಿಲೆ ಕಸಾಲೆಗಳನ್ನು ಮೆಲ್ಲನೆ ವಿಚಾರಿಸುವುದುಂಟಷ್ಟೆ? ಅಲ್ಲಿಯೂ ಹಾಗೆಯೇ. ಬಾಂಬಿಗೆ ಸಿಕ್ಕಿದವಳೆಂದು ತಿಳಿದರೆ ಸಂಬಂಧ ಮುರಿದುಬೀಳುತ್ತಿತ್ತು. ಹುಟ್ಟುವ ಮಕ್ಕಳು ಹೇಗಿರುತ್ತಾರೋ ಎಂಬ ಅಂಜಿಕೆ. ತಾಯಿತಂದೆಯರೇ ಸುಮ್ಮನಿರೆಂದು ಹೇಳಿದರು. ಅನೇಕರು ಬಾಯಿ ತೆರೆದದ್ದು ಮೊಮ್ಮಕ್ಕಳಾದ ಮೇಲೆ.

ಯಾವ ಲೆಕ್ಕಕ್ಕೂ ಬಾರದೆ ಹೋದವರೂ ಇದ್ದಾರೆ. ವಾಯುದಾಳಿಯ ಭಯದಿಂದ ಹಿರೋಷಿಮಾದ ಕೆಳತರಗತಿಯ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸಲಾಗಿತ್ತು. ಹನ್ನೆರಡು ಹದಿಮೂರರ ಅಕ್ಕ ಅಣ್ಣಂದಿರನ್ನು ಮಾತ್ರ, ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ತೆರಪು ಮಾಡುವ ಕೆಲಸಕ್ಕೆಂದು ನಗರದಲ್ಲಿಯೇ ಉಳಿಸಿಕೊಂಡರು. ಆ ಮುಂಜಾವಿನಲ್ಲಿ ಅಂಥವರಲ್ಲಿ ಸುಮಾರು ಆರು ಸಾವಿರ ಮಂದಿ ಮಡಿದರು. ಹಳ್ಳಿಯಲ್ಲಿದ್ದ ಮಕ್ಕಳು ಉಳಿದರು. ಉಳಿದವರಲ್ಲಿ ಅನೇಕರಿಗೆ ಮನೆಯೂ ಇರಲಿಲ್ಲ, ಕರೆದೊಯ್ಯಲು ಬರುವ ತಾಯಿಯೂ ಇರಲಿಲ್ಲ. ಆದರೆ ಕಾನೂನಿನ ಕಣ್ಣಿಗೆ ಸಂತ್ರಸ್ತರೆಂದರೆ ಬಾಂಬು ಬಿದ್ದಾಗ ಸನಿಹದಲ್ಲಿದ್ದವರು, ಎರಡು ವಾರದೊಳಗೆ ನಗರದ ನಡುಭಾಗಕ್ಕೆ ಕಾಲಿಟ್ಟವರು, ಅಥವಾ ವಿಕಿರಣಕ್ಕೆ ಸಿಕ್ಕವರು. ತಡವಾಗಿ ಮರಳಿದ ಅನಾಥ ಬಾಲಕ ಕುಟುಂಬವನ್ನೆಲ್ಲ ಕಳೆದುಕೊಂಡಿದ್ದರೂ ಆ ಪಟ್ಟಿಯಲ್ಲಿ ಸೇರಲಿಲ್ಲ.

ಮಕ್ಕಳು ತಮಗೆ ಬೇಕಾದುದನ್ನು ತಾವೇ ಕೇಳಿದ ಪ್ರಸಂಗವೊಂದಿದೆ, ಅದು ಟೋಕಿಯೋದ್ದು. ವಾಯುದಾಳಿಯಲ್ಲಿ ಬೆದರಿ ಓಡಿಯಾವೆಂದು ಅಲ್ಲಿನ ಉಯೆನೊ ಮೃಗಾಲಯದ ಆನೆಗಳನ್ನು 1943ರಲ್ಲಿ ಉಪವಾಸ ಕೆಡವಿ ಕೊಂದಿದ್ದರು. ಯುದ್ಧ ಮುಗಿದ ಮೇಲೆ ಮಕ್ಕಳು ನೆಹರೂ ಅವರಿಗೆ ಪತ್ರ ಬರೆದು ಒಂದು ಆನೆಯನ್ನು ಬೇಡಿದರು. 1949ರಲ್ಲಿ ಮೈಸೂರು ಸೀಮೆಯ ‘ಇಂದಿರಾ’ ಹಡಗೇರಿ ಹೋಯಿತು. ಅದಕ್ಕೆ ಅರ್ಥವಾಗುತ್ತಿದ್ದುದು ಕನ್ನಡದ ಆಜ್ಞೆಗಳು ಮಾತ್ರ. ಜಪಾನಿನ ಪಾಲಕರು ನಮ್ಮ ಮಾವುತರಿಂದ ಆ ಮಾತುಗಳನ್ನು ಕಲಿತರೆಂಬುದನ್ನು ಕೇಳಿದರೆ ಯಾವ ಕನ್ನಡಿಗನಿಗೆ ಹರ್ಷವಾಗದು! ಆ ಮಕ್ಕಳಿಗೆ ಬೇಕಾಗಿದ್ದುದು ಸ್ಮಾರಕವಲ್ಲ, ಆನೆ.

ಬದುಕುಳಿದವರು ಹಿಂದಿನದನ್ನಷ್ಟೇ ಹೇಳುತ್ತಿರುವವರೆಗೆ ಎಲ್ಲರೂ ತಲೆಬಾಗಿ ಕೇಳುತ್ತಾರೆ. ಇಂದಿನದಕ್ಕೆ ಕೈ ತೋರಿದಾಗ ಮುಖ ಗಂಟಿಕ್ಕುವವರುಂಟು. 2024ರ ನೊಬೆಲ್ ಶಾಂತಿ ಪ್ರಶಸ್ತಿ ಸಂತ್ರಸ್ತರ ಸಂಘಟನೆಯಾದ ‘ನಿಹೊನ್ ಹಿಡಾಂಕ್ಯೊ’ಗೆ ಸಂದಿತು. ಆ ಸಂಘದ ಮುಖಂಡರಲ್ಲೊಬ್ಬರಾದ ತೊಷಿಯುಕಿ ಮಿಮಾಕಿ ಹಿರೋಷಿಮಾದಲ್ಲಿ ಮೂರು ವರ್ಷದ ಮಗುವಾಗಿದ್ದವರು. ವಾರ್ತೆ ಕೇಳಿ ಕಣ್ಣೀರಿಡುತ್ತಲೇ ಅವರು ಗಾಜಾದ ಮಕ್ಕಳನ್ನು ನೆನೆದು, ಎಂಬತ್ತು ವರ್ಷದ ಹಿಂದಿನ ಜಪಾನಿಗೆ ಹೋಲಿಸಿದರು. ಜಪಾನಿನಲ್ಲಿದ್ದ ಇಸ್ರೇಲಿನ ರಾಯಭಾರಿ ಆ ಹೋಲಿಕೆಯನ್ನು ಬಹಿರಂಗವಾಗಿ ಖಂಡಿಸಿದರು. ಅದೇ ಡಿಸೆಂಬರಿನಲ್ಲಿ ಓಸ್ಲೋ ನಗರದಲ್ಲಿ ಪ್ರಶಸ್ತಿ ಭಾಷಣ ಮಾಡಿದ ತೆರುಮಿ ತನಾಕಾ ಅವರಿಗೆ 92 ವರ್ಷ. ನಾಗಾಸಾಕಿಯಲ್ಲಿ ಬಂಧುಗಳೈವರನ್ನು ಕಳೆದುಕೊಂಡಾಗ ಹದಿಮೂರು. ಸತ್ತವರಿಗಾಗಿ ಜಪಾನ್ ಸರ್ಕಾರ ಇಂದಿಗೂ ಪರಿಹಾರ ನೀಡಿಲ್ಲವೆಂಬ ಮಾತನ್ನು, ಬರೆದು ತಂದ ಭಾಷಣದ ಆಚೆಗೆ ಹೊರಳಿ, ಆ ವೃದ್ಧರು ಮತ್ತೊಮ್ಮೆ ಒತ್ತಿ ನುಡಿದರು. ಪ್ರಶಸ್ತಿಯ ಸಂಭ್ರಮಕ್ಕೆ ಅದು ಒಗ್ಗುವ ಮಾತಲ್ಲದಿರಬಹುದು. ಅವರು ಸಂಭ್ರಮಕ್ಕಾಗಿ ಅಲ್ಲಿಗೆ ಹೋದವರೂ ಅಲ್ಲ.

ಈ ತಲೆಮಾರು ಮರೆಯಾಗುವ ಮುನ್ನ ಹಿರೋಷಿಮಾ ನಗರವು 2012ರಲ್ಲಿ ಒಂದು ವ್ಯವಸ್ಥೆಯನ್ನು ಆರಂಭಿಸಿತು. ಯುದ್ಧವನ್ನು ಕಾಣದವರು ವೃದ್ಧ ಸಂತ್ರಸ್ತರ ಬಳಿ ದೀರ್ಘಕಾಲ ಕುಳಿತು, ಕೇಳಿ, ಕಲಿತು, ಅವರ ಪರವಾಗಿ ಆ ಕಥನವನ್ನು ಹೇಳಬೇಕು. 2015ರಿಂದ ಇವರು ಸಭೆಗಳಲ್ಲಿ ಮಾತನಾಡುತ್ತಿದ್ದಾರೆ. 2022ರಲ್ಲಿ ಸಂತ್ರಸ್ತರ ಮಕ್ಕಳು ಮೊಮ್ಮಕ್ಕಳಿಗೂ ಅಂಥ ತರಬೇತಿ ಮೊದಲಾಯಿತು. ಒಂದು ಕಾಲಕ್ಕೆ ಮನೆಯೊಳಗೆ ಆಡಬಾರದೆಂದಿದ್ದ ಮಾತನ್ನು ಮೊಮ್ಮಗಳು ಈಗ ಅಜ್ಜಿಯ ಎದುರಿಗೆ ಕುಳಿತು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಿದ್ದಾಳೆ.