ಆಟಿಸಂ ಇರುವ ಎಳೆಯ ಮಕ್ಕಳಲ್ಲಿ ಆಕ್ಸಿಟೋಸಿನ್ ಪರೀಕ್ಷೆ: ಪೋಷಕರ ಮನವಿ ಪತ್ರ

ಇವರಿಗೆ,
ರಾಜ್ಯ ಆಯುಕ್ತರು,
ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ,
ಕರ್ನಾಟಕ ಸರ್ಕಾರ, ಬೆಂಗಳೂರು.

ಇವರಿಂದ,
ಆಟಿಸಂ ಇರುವ ಮಕ್ಕಳ ಪೋಷಕರು.

ವಿಷಯ: ಎಳೆಯ ಮಕ್ಕಳಲ್ಲಿ ಆಕ್ಸಿಟೋಸಿನ್ ಮೂಗಿನ ಸ್ಪ್ರೇ ಪರೀಕ್ಷಿಸುವಾಗ ಪಾಲಿಸಬೇಕಾದ ಕ್ರಮಗಳ ಬಗ್ಗೆ.

ಮಾನ್ಯರೇ,

ಹೆರಿಗೆಗೆ ಮತ್ತು ಎದೆಹಾಲು ಇಳಿಯಲು ನೆರವಾಗುವ ಹಾರ್ಮೋನು ಆಕ್ಸಿಟೋಸಿನ್. ಅದನ್ನು ಮೂಗಿಗೆ ಸಿಂಪಡಿಸಿದರೆ ಆಟಿಸಂ ಇರುವ ಮಕ್ಕಳು ಇತರರೊಡನೆ ಹೆಚ್ಚು ಬೆರೆಯುವರೇ ಎಂಬ ಪರೀಕ್ಷೆಗಳು ನಡೆದಿವೆ. 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 3ರಿಂದ 17 ವರ್ಷದ 290 ಮಕ್ಕಳಿದ್ದರು. 24 ವಾರಗಳ ನಂತರವೂ ನಿಜವಾದ ಸ್ಪ್ರೇಗೂ ಔಷಧವಿಲ್ಲದ ಸ್ಪ್ರೇಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಿಡ್ನಿ ವಿಶ್ವವಿದ್ಯಾಲಯದ ತಂಡ 87 ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲೂ ಒಟ್ಟಾರೆ ಲಾಭ ಕಂಡುಬರಲಿಲ್ಲ. 3ರಿಂದ 5 ವರ್ಷದವರಲ್ಲಿ ಮಾತ್ರ ಪೋಷಕರು ಒಂದಿಷ್ಟು ಸುಧಾರಣೆ ಗುರುತಿಸಿದರು. ಹಾಗಾಗಿ ಎಳೆಯರಲ್ಲಿ ಇನ್ನಷ್ಟು ಪರೀಕ್ಷೆ ಬೇಕು. ಅದಕ್ಕೆ ನಮ್ಮ ವಿರೋಧವಿಲ್ಲ.

ನಮ್ಮ ಆತಂಕ ಬೇರೆಯದು; ಅದಕ್ಕೆ ಹಿಂದಿನ ಒಂದು ಅನುಭವ ಕಾರಣ. ಸೆಕ್ರೆಟಿನ್ ಎಂಬ ಜೀರ್ಣಾಂಗದ ಹಾರ್ಮೋನಿನಿಂದ ಆಟಿಸಂ ಸುಧಾರಿಸುತ್ತದೆಂಬ ಸುದ್ದಿ 1998ರಲ್ಲಿ ಹಬ್ಬಿತು. ಅದಕ್ಕಿದ್ದ ಆಧಾರ ಮೂರೇ ಮಕ್ಕಳು. ಸೆಕ್ರೆಟಿನ್ ಉಪ್ಪುನೀರಿನ ಇಂಜೆಕ್ಷನ್‌ಗಿಂತ ಮೇಲಲ್ಲ ಎಂದು 1999ರ ಪರೀಕ್ಷೆ ತೋರಿಸಿತು. ಇದನ್ನು ತಿಳಿದ ಮೇಲೂ ಆ ಪರೀಕ್ಷೆಯಲ್ಲಿದ್ದ ಮಕ್ಕಳ ಪೋಷಕರಲ್ಲಿ ಶೇ. 69ರಷ್ಟು ಮಂದಿ ಆ ಚಿಕಿತ್ಸೆಯಲ್ಲಿ ಆಸಕ್ತಿ ಕಳೆದುಕೊಳ್ಳಲಿಲ್ಲ. ಮಗು ಒಮ್ಮೆ ‘ಅಮ್ಮಾ’ ಎನ್ನಲೆಂದು ವರ್ಷಗಟ್ಟಲೆ ಕಾದ ನಮಗೆ ಆ ಆಸೆ ಅರ್ಥವಾಗುತ್ತದೆ. ಅದು ಯಾರದೋ ವ್ಯಾಪಾರದ ಬಂಡವಾಳವಾಗಬಾರದು.

ಆದ್ದರಿಂದ ನಮ್ಮ ಬೇಡಿಕೆಗಳು:

1. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 6ನೇ ಸೆಕ್ಷನ್ ಹೇಳುವ ಸಂಶೋಧನಾ ಸಮಿತಿಯ ಪೂರ್ವಾನುಮತಿಯಿಲ್ಲದೆ ಪರೀಕ್ಷೆ ಆರಂಭವಾಗಬಾರದು. ಕನಿಷ್ಠ ಅರ್ಧದಷ್ಟು ಸದಸ್ಯರು ಅಂಗವಿಕಲರು ಅಥವಾ ನೋಂದಾಯಿತ ಸಂಘಗಳವರಾಗಿರಬೇಕೆಂಬ ನಿಯಮದಡಿ ಆಟಿಸಂ ಇರುವ ವಯಸ್ಕರಿಗೂ ಪೋಷಕರಿಗೂ ಸ್ಥಾನ ಸಿಗಬೇಕು.

2. ಒಪ್ಪಿಗೆ ಪತ್ರ ಸರಳ ಕನ್ನಡದಲ್ಲಿರಬೇಕು. ಮಗುವಿಗೆ ಔಷಧವಿಲ್ಲದ ಸ್ಪ್ರೇ ಸಿಗಬಹುದೆಂಬುದನ್ನು ಮೊದಲೇ ಬಿಡಿಸಿ ಹೇಳಬೇಕು. ಮಗು ಮುಖ ತಿರುಗಿಸಿ ಪ್ರತಿಭಟಿಸಿದರೆ ಅದನ್ನು ಅಸಮ್ಮತಿ ಎಂದೇ ಎಣಿಸಬೇಕು.

3. ಪರೀಕ್ಷೆಯ ಅವಧಿಯಲ್ಲಿ ಸ್ಪೀಚ್ ಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿ ನಿಲ್ಲಬಾರದು. ಪೋಷಕರಿಂದ ಹಣ ಪಡೆಯಬಾರದು. ಹಾನಿಯಾದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಂತೆ ಚಿಕಿತ್ಸೆ, ಪರಿಹಾರ ದೊರಕಬೇಕು.

4. ಈ ಸ್ಪ್ರೇಯನ್ನು ಆಟಿಸಂ ವಾಸಿಮಾಡುವ ಔಷಧವೆಂದು ಪ್ರಚಾರ ಮಾಡಿ ಮಾರುವವರ ವಿರುದ್ಧ ಕ್ರಮಕ್ಕೆ ತಾವು ಶಿಫಾರಸು ಮಾಡಬೇಕು.

5. ಫಲಿತಾಂಶ ಏನೇ ಬಂದರೂ ಪ್ರಕಟವಾಗಬೇಕು. ಪಾಲ್ಗೊಂಡ ಪ್ರತಿ ಕುಟುಂಬಕ್ಕೂ ಕನ್ನಡದಲ್ಲಿ ತಿಳಿಸಬೇಕು.

ಸ್ಪ್ರೇ ಹಾಕಿದ ಮೇಲೆ ತನಗೇನಾಯಿತೆಂದು ಮೂರು ವರ್ಷದ ಮಗು ಹೇಳಲಾರದು. ಅದರ ಪರವಾಗಿ ಕಾನೂನು ಮಾತಾಡಬೇಕು. ಈ ಬೇಡಿಕೆಗಳ ಮೇಲೆ ಕೂಡಲೇ ಕ್ರಮ ಕೈಗೊಳ್ಳಬೇಕೆಂದು ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು,
ಆಟಿಸಂ ಇರುವ ಮಕ್ಕಳ ಪೋಷಕರು