ದೇವರಿಲ್ಲದ ಮದುವೆಗೆ ಧರ್ಮದ ಹೆಸರೇಕೆ?

ಆಂಡಿಪಟ್ಟಿ ಕಣಿವೆಯನ್ನು ದಾಟಿ ಕಂಬಂ ಬಯಲಿನತ್ತ ಸಾಗಿದರೆ, ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕಪ್ಪಿಲಿಯರ ಊರುಗಳು ಸಿಗುತ್ತವೆ. ಈ ಸೀಮೆಯಲ್ಲಿ ಕುಲದೈವದ ಗುಡಿಯೂ ಪೆರಿಯಾರ್ ಪ್ರತಿಮೆಯೂ ಒಂದೇ ಬೀದಿಯಲ್ಲಿದ್ದರೆ ಯಾರಿಗೂ ವಿಚಿತ್ರವೆನಿಸದು. ದೇವರನ್ನು ನಿರಾಕರಿಸಿ, ಮನುಷ್ಯನ ಘನತೆಯನ್ನೇ ನೀತಿಯಾಗಿಸಿಕೊಂಡ ಆತ್ಮಗೌರವ ಚಳವಳಿಯನ್ನು ಧರ್ಮವೆನ್ನಬಹುದೆ? ಈರೋಡಿನ ಕನ್ನಡ ಮನೆತನದಲ್ಲಿ ಹುಟ್ಟಿದ ಪೆರಿಯಾರರು ಈ ಪ್ರಶ್ನೆಗೆ ನಕ್ಕಾರು. ಕಾನೂನಿಗೆ ನಗುವ ಅವಕಾಶವಿಲ್ಲ.

1925ರಲ್ಲಿ ಆರಂಭವಾದ ಈ ಚಳವಳಿ ಪುರೋಹಿತನೂ ಅಗ್ನಿಸಾಕ್ಷಿಯೂ ಇಲ್ಲದ ಮದುವೆಗಳನ್ನು ಬೆಳೆಸಿತು. 1953ರಲ್ಲಿ ಮದರಾಸು ಹೈಕೋರ್ಟು ಅಂಥದೊಂದು ಮದುವೆ ಸಿಂಧುವಲ್ಲವೆಂದಿತು. ತತ್ತ್ವದ ಜಗಳ ಅಲ್ಲಿಗೆ ಹೆಂಡತಿಯ ಸ್ಥಾನದ, ಮಕ್ಕಳ ಪಿತ್ರಾರ್ಜಿತದ ಜಗಳವಾಯಿತು. ಅಣ್ಣಾದುರೈ ಸರ್ಕಾರ 1967ರಲ್ಲಿ ಹಿಂದೂ ವಿವಾಹ ಕಾಯಿದೆಗೆ 7-ಎ ಕಲಮನ್ನು ಸೇರಿಸಿತು: ಬಂಧುಮಿತ್ರರೆದುರು ತಮಗೆ ತಿಳಿಯುವ ಭಾಷೆಯಲ್ಲಿ ಪರಸ್ಪರರನ್ನು ಒಪ್ಪಿಕೊಂಡರೆ, ಇಲ್ಲವೇ ಮಾಲೆಯನ್ನೋ ಉಂಗುರವನ್ನೋ ತೊಡಿಸಿದರೆ, ತಾಳಿ ಕಟ್ಟಿದರೆ ಸಾಕು; ಹಿಂದೆ ನಡೆದವೂ ಸಿಂಧು. ಮಾನವೀಯವಾದ ತಿದ್ದುಪಡಿ. ಆದರೆ ದೇವರನ್ನು ಬಿಟ್ಟವರಿಗೆ ಅದು ಕೊಟ್ಟ ಹೆಸರು 'ಹಿಂದೂ'.

ದೇವರಿಲ್ಲವೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಧರ್ಮವಲ್ಲವೆನ್ನಲಾಗದು. ಸುಪ್ರೀಂ ಕೋರ್ಟು ಈ ಮಾತನ್ನು 1954ರಲ್ಲಿ ಆಡಿದ್ದು, ವಿನೋದವೆಂಬಂತೆ, ಪರಮ ಆಸ್ತಿಕವಾದ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ಬೌದ್ಧ, ಜೈನಗಳ ನಿದರ್ಶನ ಅಲ್ಲಿದೆ. ಉತ್ತಮಪಾಳಯದ ಬಂಡೆಯಲ್ಲಿ ಕೊರೆದ ತೀರ್ಥಂಕರರು ಆ ತೀರ್ಪಿಗಿಂತ ಸಾವಿರ ವರ್ಷ ಮೊದಲೇ ಸಾಕ್ಷಿಯಾಗಿ ನಿಂತಿದ್ದರು. ಹೊರನಾಡುಗಳಲ್ಲಿ ಮಾತ್ರ ಒಮ್ಮತವಿಲ್ಲ. ಅಮೆರಿಕದ ನ್ಯಾಯಾಲಯವು 1957ರಲ್ಲಿ ವಾಷಿಂಗ್ಟನ್ನಿನ ನೈತಿಕ ಸಂಘಕ್ಕೆ ಧಾರ್ಮಿಕ ಸಂಸ್ಥೆಯ ತೆರಿಗೆ ವಿನಾಯಿತಿ ಕೊಟ್ಟಿತು. ಲಂಡನ್ನಿನ ಅಂಥದೇ ಸಂಘಕ್ಕೆ ಇಂಗ್ಲೆಂಡಿನ ನ್ಯಾಯಾಲಯವು 1980ರಲ್ಲಿ ಧರ್ಮದ ಪಟ್ಟವನ್ನು ನಿರಾಕರಿಸಿತು.

ಆತ್ಮಗೌರವ ಚಳವಳಿ ಧರ್ಮವಲ್ಲವೆನ್ನಲು ಕಾರಣ ಬೇರೆ. ಜೈನರಿಗೆ ಸೃಷ್ಟಿಕರ್ತ ಬೇಡ. ಕರ್ಮ, ಮೋಕ್ಷ, ಮುನಿಸಂಘಗಳು ಬೇಕು. ಫುಲೆಯವರ ಸತ್ಯಶೋಧಕ ಸಮಾಜವು ಮದುವೆಯಿಂದ ಪುರೋಹಿತನನ್ನು ಹೊರಗಿಟ್ಟರೂ 'ನಿರ್ಮಿಕ'ನನ್ನು ಬಿಡಲಿಲ್ಲ. ಪೆರಿಯಾರರ ಬಳಗ ಇವೆಲ್ಲವನ್ನೂ ಕಳಚಿತು. ಅದನ್ನು ಧರ್ಮವೆಂದರೆ, ಅದು ಉಗುಳಿದ ತುತ್ತನ್ನೇ ಅದರ ಬಾಯಿಗೆ ಮರಳಿ ಇಟ್ಟಂತೆ. ಪ್ರತಿಮೆಗೆ ಮಾಲೆ ಹಾಕುವುದೂ ಪೂಜೆಯೇ ಎಂಬ ಚುಚ್ಚುಮಾತು ಹಳೆಯದು. ಆ ಮಾಲೆ ಹಾಕಿದವರು ಮಳೆಯನ್ನೋ ಮಗುವನ್ನೋ ಬೇಡುವುದಿಲ್ಲ.

ಸಂವಿಧಾನದ 25ನೆಯ ಅನುಚ್ಛೇದವು ಧರ್ಮಕ್ಕಿಂತ ಮೊದಲು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಹೆಸರಿಸುತ್ತದೆ. ಆದ್ದರಿಂದ ರಕ್ಷಣೆ ಪಡೆಯಲು ಧರ್ಮವಾಗಲೇಬೇಕೆಂಬ ಹಂಗಿಲ್ಲ. ವಿಶೇಷ ವಿವಾಹ ಕಾಯಿದೆ ಇದೆಯಲ್ಲ ಎನ್ನಬಹುದು. ಅದರ 30 ದಿನಗಳ ನೋಟಿಸು ಜಾತಿ ಮೀರಿ ಕೈಹಿಡಿಯುವವರಿಗೆ ಎಷ್ಟು ಅಪಾಯದ್ದೆಂಬುದನ್ನು ವಿವರಿಸಬೇಕಾಗಿಲ್ಲ. 7-ಎ ಕಲಮಿನ ಸರಳತೆಯನ್ನು ಆ ಕಾಯಿದೆಗೂ ತಂದರೆ, ಕಂಬಂನ ಕನ್ನಡದ ಹುಡುಗಿಯೊಬ್ಬಳು ಹಿಂದೂ ಎಂದು ಬರೆಸದೆಯೂ, ತಿಂಗಳು ಕಾಯದೆಯೂ, ತನ್ನ ಮಾತಿನಲ್ಲೇ ಒಪ್ಪಿಗೆ ಹೇಳಿ ಹೆಂಡತಿಯಾಗಬಹುದು.